ಚಂಬವ್ವನ ಹೊಸ್ತಿಲ ಪುಟ

ಕೇಳದೇ ಬರುವ ಇಮೇಲುಗಳ ಕಾಟ ತಾಳಲಾರದೆ ಸರ್ಕಾರ ಒಪ್ಪಿಗೆ ಕಾಯ್ದೆ ತಂದಾಗ, ದೇಶದ ಜನರ ಇಮೇಲ್ ಪೆಟ್ಟಿಗೆಗಳೆಲ್ಲ ಒಂದೇ ದಿನದಲ್ಲಿ ಗುಡಿಸಿ ಸಾರಿಸಿದ ಅಂಗಳದಂತಾದವು. ಕೂದಲು ಬೆಳೆಸಿಕೊಡುತ್ತೇವೆ ಎನ್ನುವವರಿಲ್ಲ, ನೀವು ಗೆದ್ದಿದ್ದೀರಿ ಎಂದು ಅಭಿನಂದಿಸುವವರೂ ಇಲ್ಲ. ಮೊದಲ ವಾರ ಜನ ಹಬ್ಬ ಮಾಡಿದರು. ಎರಡನೆಯ ವಾರ ಪೆಟ್ಟಿಗೆ ತೆರೆದು ನೋಡಿ, ಯಾರೂ ಏನೂ ಬರೆದಿಲ್ಲವಲ್ಲ ಎಂದು ಮುಖ ಸಣ್ಣ ಮಾಡಿಕೊಂಡರು. ಮನುಷ್ಯನನ್ನು ತೃಪ್ತಿಪಡಿಸುವುದು ಯಾವ ಕಾಯ್ದೆಗೂ ಆಗುವ ಕೆಲಸವಲ್ಲ.

ಕಾಯ್ದೆಯ ತಿರುಳು ಇಷ್ಟೇ. ಯಾರಿಗಾದರೂ ವಾರವಾರ ಪತ್ರ ಕಳಿಸಬೇಕೆಂದರೆ ಅವರು ಅದನ್ನು ನಿಜವಾಗಿ ಬಯಸಿರಬೇಕು. ಬಾಯಿಮಾತಿನ ಬಯಕೆ ನಡೆಯದು. ಹೊಸ ಫೋನುಗಳ ಗಾಜಿನ ಕೆಳಗೆ ಈರುಳ್ಳಿ ಸಿಪ್ಪೆಗಿಂತ ತೆಳುವಾದ ಒಂದು ಪೊರೆ ಇರುತ್ತದೆ. ಹೆಬ್ಬೆರಳು ಗುಂಡಿಯ ಹತ್ತಿರ ಬಂದಾಗ ಅದರ ಬಿಸಿ, ಬೆವರಿನ ಉಪ್ಪು, ನಾಡಿಯ ಬಡಿತ, ಗಾಳಿಯಲ್ಲಿ ತಡೆದು ನಿಂತ ಹೊತ್ತು, ಎಲ್ಲವನ್ನೂ ಅದು ಅಳೆದು ಅನುಮಾನದ ಅಂಕಿಯೊಂದನ್ನು ಕೊಡುತ್ತದೆ. ಅಂಕಿ ಮೂವತ್ತು ದಾಟಿದರೆ ಗುಂಡಿ ಬೂದಿಬಣ್ಣಕ್ಕೆ ತಿರುಗಿ, ಒತ್ತಿದರೂ ಒತ್ತಿದಂತಾಗುವುದಿಲ್ಲ. ಇದನ್ನು ಒಪ್ಪಿಗೆ ಗುಂಡಿ ಎಂದು ಕರೆದರು. ಹನ್ನೊಂದು ಲಕ್ಷ ಹೆಬ್ಬೆರಳುಗಳನ್ನು ಓದಿಸಿ ಯಂತ್ರಕ್ಕೆ ಪಾಠ ಕಲಿಸಿದ್ದರಂತೆ. ಆ ಹನ್ನೊಂದು ಲಕ್ಷದಲ್ಲಿ ಹುಬ್ಬಳ್ಳಿಯವು ಎಷ್ಟಿದ್ದವು ಎಂದು ಆಗ ಯಾರೂ ಕೇಳಲಿಲ್ಲ.

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನೀಲಗಂಗಾ ಹೂಗಾರ ಎಂಬವಳು ಹತ್ತು ವರ್ಷದಿಂದ ಲ್ಯಾಂಡಿಂಗ್ ಪೇಜು ಕಟ್ಟುವ ಕೆಲಸ ಮಾಡುತ್ತಿದ್ದಳು. ಜಾಹೀರಾತನ್ನೋ ಕೊಂಡಿಯನ್ನೋ ಮುಟ್ಟಿದವನು ಮೊದಲು ಬಂದು ನಿಲ್ಲುವ ಪುಟ ಅದು. ಅವಳು ಅದನ್ನು ಹೊಸ್ತಿಲ ಪುಟ ಎನ್ನುತ್ತಿದ್ದಳು. ಹೊಸ್ತಿಲಲ್ಲಿ ನಿಂತವನು ಎಂಟು ಸೆಕೆಂಡಿನೊಳಗೆ ಒಳಗೆ ಬರಬೇಕು, ಇಲ್ಲವೆ ಬೆನ್ನು ತಿರುಗಿಸುತ್ತಾನೆ. ಅವಳ ನಿಯಮ ಕಟ್ಟುನಿಟ್ಟು: ಒಂದು ಪುಟ, ಒಂದು ಮಾತು, ಒಂದು ಗುಂಡಿ. ಇಮೇಲ್ ವಿಳಾಸ ಬಿಟ್ಟು ಬೇರೇನನ್ನೂ ಕೇಳಬಾರದು. ಹೊರಗೆ ಹೋಗುವ ಇನ್ನೊಂದು ಬಾಗಿಲನ್ನಂತೂ ಇಡಲೇಬಾರದು. ಔಷಧಿ ಅಂಗಡಿ, ಯೋಗದ ಶಾಲೆ, ನಾಯಿಮರಿ ಮಾರುವವರು ಎಲ್ಲರೂ ಅವಳ ಪುಟ ಕಟ್ಟಿಸಿಕೊಂಡು ಸುಖವಾಗಿದ್ದರು. ಈಗ ಅವಳ ಕೈಗೆ ಬಂದದ್ದು ಸ್ವಂತ ಅತ್ತೆಯ ಕೆಲಸ.

ಅತ್ತೆ ಚಂಬವ್ವ ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ಮೂವತ್ತೊಂದು ವರ್ಷ ರೊಟ್ಟಿ ಖಾನಾವಳಿ ನಡೆಸಿದವಳು. ಮೊಳಕಾಲು ಕೈಕೊಟ್ಟು ಖಾನಾವಳಿ ಮುಚ್ಚಿದ ಮೇಲೆ ಆರು ತಿಂಗಳು ಅವಳು ಕಿಟಕಿ ಮುಂದೆ ಕೂತಳು, ಅಷ್ಟೇ. ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು. ಜಗಳ ಕೂಡ ಕಡಿಮೆಯಾದಾಗ ನೀಲಗಂಗಾಳಿಗೂ ಅವಳ ಗಂಡ ಫಕ್ಕೀರೇಶನಿಗೂ ನಿಜಕ್ಕೂ ಹೆದರಿಕೆ ಹತ್ತಿತು. ಒಂದು ಸೋಮವಾರ ನೀಲಗಂಗಾ ಸುಮ್ಮನೆ, "ಅತ್ತೀ, ನಿಮ್ಮ ಗಿರಾಕಿಗಳಿಗೆ ಒಂದ ಪತ್ರ ಬರಿಯೂಣೇನ್ರಿ? ನೀವ್ ಹೇಳ್ರಿ, ನಾ ಬರೀತೀನಿ" ಎಂದಳು. ಚಂಬವ್ವ ಹೇಳಿದಳು. ಹೇಳುತ್ತಲೇ ಹೋದಳು.

ಎರಡು ವರ್ಷ ಆ ಪತ್ರ ತಪ್ಪಲಿಲ್ಲ. "ಮೆಂತೆ ಪಲ್ಲೆ ಎಳೇದು ಬಂದೈತಿ, ಕೈಯಾಗ ಹಿಚುಕಿ ನೋಡಿ ತಗೋರಿ. ಗಂಡಸೂರೂ ಒಂದೀಟು ಅಡಿಗಿ ಕಲೀರಿ, ಕೈಯೇನು ಸವಿಯೂದಿಲ್ಲ" ಎಂದು ಶುರುವಾದರೆ ಎಲ್ಲಿಗೆ ಮುಗಿಯುತ್ತದೆ ಎಂದು ಹೇಳುವಂತಿರಲಿಲ್ಲ. ಭಾನುವಾರ ಸಂಜೆಯಿಂದಲೇ ಚಂಬವ್ವ ಮನಸ್ಸಿನಲ್ಲಿ ಪತ್ರ ಕಟ್ಟುತ್ತ ಓಡಾಡುತ್ತಿದ್ದಳು. ಜಗಳವೂ ಮೊದಲಿನ ಹದಕ್ಕೆ ಬಂತು. ಅಷ್ಟರಲ್ಲಿ ಕಾಯ್ದೆ ಬಂತು. ಹಳೆಯ ಪಟ್ಟಿಗಳೆಲ್ಲ ರದ್ದು. ಹೊಸದಾಗಿ ನಲವತ್ತು ದಿನದಲ್ಲಿ ಐನೂರು ನಿಜವಾದ ಒಪ್ಪಿಗೆ ಬರಬೇಕು, ಅಲ್ಲಿಯತನಕ ಒಪ್ಪಿದವರಿಗಷ್ಟೇ ಪತ್ರ. ಐನೂರು ಆಗದಿದ್ದರೆ ಇದ್ದ ಪಟ್ಟಿಯೂ ಅಳಿಸಿಹೋಗುತ್ತದೆ, ಮೂರು ವರ್ಷ ಆ ಹೆಸರಿನಲ್ಲಿ ಪತ್ರ ಹೊರಡುವಂತಿಲ್ಲ. ಚಂಬವ್ವನಿಗೆ ಎಪ್ಪತ್ತಾರು. ಮೂರು ವರ್ಷ ಕಿಟಕಿ ಮುಂದೆ ಕೂತ ಅತ್ತೆಯನ್ನು ನೆನೆಸಿಕೊಳ್ಳುವ ಧೈರ್ಯ ನೀಲಗಂಗಾಳಿಗೆ ಇರಲಿಲ್ಲ.

ಅವಳು ತನ್ನ ವಿದ್ಯೆಯನ್ನೆಲ್ಲ ಆ ಪುಟಕ್ಕೆ ಸುರಿದಳು. ಮೇಲೆ ದೊಡ್ಡ ಅಕ್ಷರದಲ್ಲಿ, "ಈ ವಾರ ಏನು ಅಡಿಗೆ ಎಂಬ ಚಿಂತೆ ಚಂಬವ್ವನಿಗೆ ಬಿಡಿ." ಕೆಳಗೆ ರೊಟ್ಟಿ ಬಡಿಯುವ ಎರಡು ಕೈಗಳ ಚಿತ್ರ, ಮುಖವಿಲ್ಲ, ಬರೀ ಕೈ, ಹಿಟ್ಟು ಮೆತ್ತಿದ ಬಳೆ. ಹಳೆಯ ಪತ್ರದ ನಾಲ್ಕು ಸಾಲು. ಹಿಂದೆ ಖಾನಾವಳಿಯಲ್ಲಿ ಉಂಡ ರೈಲ್ವೆ ಗಾರ್ಡ್ ಒಬ್ಬರ ಮಾತು. ವಿಳಾಸಕ್ಕೊಂದು ಜಾಗ. "ನನಗೂ ಕಳಿಸಿ" ಎಂಬ ಅರಿಸಿನ ಬಣ್ಣದ ಗುಂಡಿ. ಅದರ ಅಡಿಗೆ, ವಾರಕ್ಕೊಂದೇ ಪತ್ರ, ಬೇಡವಾದ ದಿನ ಬಿಡಬಹುದು ಎಂಬ ಭರವಸೆ. ತಳದಲ್ಲಿ ಕಾಯ್ದೆ ಹೇಳಿದಂತೆ ಕಳಿಸುವವರ ಸ್ವಂತ ಇಮೇಲ್ ವಿಳಾಸ. ಹತ್ತು ವರ್ಷದಲ್ಲಿ ಅವಳು ಕಟ್ಟಿದ ಪುಟಗಳಲ್ಲಿ ಇದೇ ಚೆಂದವಾಗಿತ್ತು, ಅದು ಅವಳಿಗೂ ಗೊತ್ತಿತ್ತು.

ಐದು ದಿನದಲ್ಲಿ ಎರಡು ಸಾವಿರದ ಮುನ್ನೂರು ಜನ ಹೊಸ್ತಿಲಿಗೆ ಬಂದರು. ಒಳಗೆ ಬಂದವರು ಹನ್ನೊಂದು ಮಂದಿ.

ನೀಲಗಂಗಾ ಕೇಶ್ವಾಪುರದ ಒಪ್ಪಿಗೆ ಕೇಂದ್ರಕ್ಕೆ ಓಡಿದಳು. ಜಿಲ್ಲೆಯ ಹೆಬ್ಬೆರಳುಗಳೆಲ್ಲ ಅಲ್ಲಿನ ಗೋಡೆಯಗಲದ ಪರದೆಯ ಮೇಲೆ ಗೆರೆಗಳಾಗಿ ಹರಿಯುತ್ತವೆ. ಆ ಗೆರೆಗಳನ್ನು ಕಾಯುವ ತಂತ್ರಜ್ಞ ರಿಯಾಜ್ ಸವಣೂರ ಸಣಕಲು ಆಳು, ಮಾತಿನಲ್ಲಿ ಮೆದು. ಅವನು ಚಂಬವ್ವನ ಪುಟದ ಗೆರೆಗಳನ್ನು ದೊಡ್ಡದು ಮಾಡಿ ತೋರಿಸಿದ.

"ನೋಡ್ರಿ ಅಕ್ಕಾ. ಇವರು ನಾಕ ನಾಕ ನಿಮಿಷ ಓದ್ಯಾರ. ನಾ ಇಲ್ಲಿ ಬಂದಾಗಿಂದ ಅಷ್ಟೊತ್ತು ಓದಿದ್ದ ನೋಡಿಲ್ಲ. ವಿಳಾಸನೂ ತುಂಬ್ಯಾರ. ಆಮ್ಯಾಲೆ ಬೆರಳು ಗುಂಡಿ ಹತ್ರ ಬರತೈತಿ, ನಿಂದರತೈತಿ, ಹಿಂದ ಸರೀತೈತಿ. ಮತ್ತ ಬರತೈತಿ. ಅನುಮಾನ ಅರವತ್ತು, ಅರವತ್ತೈದು."

"ಅಂದ್ರ ಅವರಿಗೆ ಬ್ಯಾಡಂತನ?"

"ಯಂತ್ರ ಹಂಗಂತೈತ್ರಿ." ರಿಯಾಜ್ ತಲೆ ತುರಿಸಿಕೊಂಡ. "ನಮ್ಮ ಜಿಲ್ಲಾದಾಗ ಎಲ್ಲಾ ಪುಟದ ಹಣೇಬರಾನೂ ಇದ ಐತ್ರಿ. ಮ್ಯಾಲಿನವ್ರು ಫೈಲಿನಾಗ ಒಪ್ಪದ ಜಿಲ್ಲೆ ಅಂತ ಬರದಬಿಟ್ಟಾರ."

ಮನೆಯಲ್ಲಿ ಚಂಬವ್ವ ಬಾಗಿಲಲ್ಲೇ ಕಾದಿದ್ದಳು. "ಎಷ್ಟ ಮಂದಿ ಆತವಾ?" ಎಂದು ಕೇಳಿದಾಗ ನೀಲಗಂಗಾ ಚಪ್ಪಲಿ ಬಿಡುವ ನೆವದಲ್ಲಿ ಬಗ್ಗಿ, "ಚಲೋ ನಡದೈತ್ರಿ ಅತ್ತಿ" ಎಂದಳು. ಸುಳ್ಳು ಹೇಳಿದ್ದಕ್ಕೆ ಅವಳಿಗೆ ಆ ದಿನದ ಊಟ ಸೇರಲಿಲ್ಲ. ಚಂಬವ್ವ ಮಾತ್ರ ಒಪ್ಪಿದ ಹನ್ನೊಂದು ಜನಕ್ಕೆಂದೇ ಬದನೆಕಾಯಿ ಎಣಗಾಯಿಯ ಬಗ್ಗೆ ಎರಡು ಪುಟದಷ್ಟು ಹೇಳಿ ಬರೆಸಿದಳು. ಅವಳ ಲೆಕ್ಕದಲ್ಲಿ ಅದನ್ನು ಊರಿಗೆ ಊರೇ ಓದುತ್ತಿತ್ತು.

ಆಮೇಲಿನ ನಾಲ್ಕು ವಾರ ನೀಲಗಂಗಾ ಪುಟವನ್ನು ಬಿಚ್ಚಿ ಕಟ್ಟಿ ಮಾಡಿದಳು. ಗುಂಡಿಯನ್ನು ಹಸಿರು ಮಾಡಿದಳು, ಕೆಂಪು ಮಾಡಿದಳು. ತಲೆಬರಹ ಮೊಟಕು ಮಾಡಿ ನೋಡಿದಳು. ಅರ್ಧ ಜನಕ್ಕೆ ಕೈಯ ಚಿತ್ರ, ಅರ್ಧ ಜನಕ್ಕೆ ರೊಟ್ಟಿಯ ಚಿತ್ರ ತೋರಿಸಿ ಯಾವುದು ವಾಸಿ ಎಂದು ಎಣಿಸಿದಳು. ಎರಡೂ ಅಷ್ಟಕ್ಕಷ್ಟೇ. ಮೂವತ್ತಮೂರನೆಯ ದಿನ ಗೋಡೆಯ ಮೇಲಿನ ಅಂಕಿ ನಲವತ್ತೊಂದು.

ಅಂದು ಶನಿವಾರ. ಮಧ್ಯಾಹ್ನ ಒಪ್ಪಿಗೆ ಕೇಂದ್ರದ ಮುಂದೆ ಆಟೋ ನಿಂತಿತು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಬಟ್ಟೆ ಸುತ್ತಿದ ಬುಟ್ಟಿ ಹಿಡಿದು ಚಂಬವ್ವ ಇಳಿದಳು. ಸೊಸೆಯ ಮುಖ ಒಂದು ತಿಂಗಳಿಂದ ಬಾಡಿದ್ದು ಅವಳ ಕಣ್ಣಿಗೆ ಬೀಳದೇ ಇರುತ್ತದೆಯೇ? ಒಳಗೆ ಬಂದವಳು ಗೋಡೆ ನೋಡಿದಳು. ತನ್ನ ಹೆಸರನ್ನೂ ಅದರ ಮುಂದಿನ ಅಂಕಿಯನ್ನೂ ಓದಿಕೊಂಡಳು. ನೀಲಗಂಗಾಳಿಗೆ ನೆಲ ಬಾಯಿಬಿಡಬಾರದೇ ಎನಿಸಿತು.

"ಅತ್ತೀ, ನಾ ನಿಮಗ ಸುಳ್ಳು..."

"ಮೊದಲ ಉಣ್ರಿ" ಎಂದಳು ಚಂಬವ್ವ. "ಮಾತು ಎಲ್ಲಿಗೂ ಓಡಿ ಹೋಗೂದಿಲ್ಲ."

ಮೇಜಿನ ಮೇಲಿನ ಯಂತ್ರಗಳನ್ನು ಆಚೆ ಸರಿಸಿ ತಟ್ಟೆ ಹಾಕಿದರು. ಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ರಿಯಾಜ್, ಅವನ ಮೇಲಧಿಕಾರಿ ಸುನಂದಾ ಬಡಿಗೇರ, ನೀಲಗಂಗಾ ಕೂತರು. ಚಂಬವ್ವ ಕೋಲು ಊರಿಕೊಂಡೇ ಬಡಿಸಿದಳು. ಎರಡು ರೊಟ್ಟಿ ಮುಗಿದ ಮೇಲೆ ಮೂರನೆಯದನ್ನು ಹಿಡಿದು ಬಂದಾಗ ರಿಯಾಜ್ ಎಡಗೈಯನ್ನು ತಟ್ಟೆಗೆ ಅಡ್ಡ ಹಿಡಿದು, "ಸಾಕ್ರೀ ಅವ್ವಾ, ಖರೇನ ಬ್ಯಾಡ್ರಿ" ಎಂದ. ಚಂಬವ್ವ ಆ ಕೈಯ ಸಂದಿಯಲ್ಲೇ ರೊಟ್ಟಿ ಇಳಿಸಿ ಮುಂದೆ ನಡೆದಳು. ಸುನಂದಾ ಕೂಡ "ಬ್ಯಾಡ್ರಿ" ಎಂದರು. ಅವರನ್ನು ಚಂಬವ್ವ ಎರಡನೇ ಸಲ ಕೇಳಲೂ ಇಲ್ಲ, ಸೀದಾ ಮೊಸರಿನ ಬಟ್ಟಲು ಕೊಟ್ಟಳು. ರಿಯಾಜ್ ಮೂರನೆಯ ರೊಟ್ಟಿಯನ್ನು ಎಷ್ಟು ಚೆನ್ನಾಗಿ ಮುಗಿಸಿದನೆಂದರೆ ನಾಲ್ಕನೆಯದಕ್ಕೂ ಬೇಡ ಎಂದ.

ನೀಲಗಂಗಾಳ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು.

"ಅತ್ತೀ, ಇಬ್ರೂ ಬ್ಯಾಡಂದ್ರು. ಅವಗ ಹಾಕಿದ್ರಿ, ಇವರಿಗೆ ಬಿಟ್ರಿ. ಹೆಂಗ ಗೊತ್ತಾತು?"

ಚಂಬವ್ವನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಅಲ್ಲವಾ, ಮೂವತ್ತ ವರ್ಷ ಇದನ್ನ ಮಾಡೇನಿ. ನಮ್ಮ ಮಂದಿ ಕೇಳಿದ ಕೂಡ್ಲೆ ಹೂಂ ಹಾಕ್ರಿ ಅಂತಾರನು? ಅಂದವನ ಹೊಟ್ಟಿಬಾಕ ಅಂದಬಿಡ್ತಾರ. ಮೊದಲ ಬ್ಯಾಡನ್ನೂದು ಮರ್ಯಾದಿ. ಬ್ಯಾಡಂದು ಮುಗದ ಮ್ಯಾಲೆ ಮನಸು ಹಗರ ಆಗತೈತಿ, ಆಮ್ಯಾಲ ಉಣ್ತಾರ. ಖರೇ ಸಾಕಾದವ್ರು ಹಿಂದ ಸರದು ಕುಂದರ್ತಾರ, ಅವರ ಕೈಯಾಗ ಅಳುಕ ಇರೂದಿಲ್ಲ. ಈ ಹುಡುಗನ ಕೈ ಅಡ್ಡ ಇತ್ತು, ಆದ್ರ ಬೆರಳು ಬಿಚ್ಚಿದ್ವು."

ರಿಯಾಜ್ ತನ್ನ ಎಡಗೈಯನ್ನು ತಾನೇ ಹೊಸದಾಗಿ ನೋಡಿಕೊಂಡ.

ಹತ್ತು ವರ್ಷದ ವಿದ್ಯೆಯೆಲ್ಲ ಎಲ್ಲಿ ಎಡವಿತ್ತೆಂದು ನೀಲಗಂಗಾಳಿಗೆ ಆಗ ತಿಳಿಯಿತು. ಅವಳ ಪುಟದಲ್ಲಿ ಒಂದೇ ಗುಂಡಿ. ಬೇಡ ಎನ್ನುವುದಕ್ಕೆ ಜಾಗವೇ ಇರಲಿಲ್ಲ. ಎಲ್ಲ ಕಡೆ ನಡೆಯುವ ಆ ಜಾಣತನ, ಮೊದಲು ಬೇಡ ಎನ್ನದೆ ಏನನ್ನೂ ತೆಗೆದುಕೊಳ್ಳದ ಈ ಜನರನ್ನು ಹೊಸ್ತಿಲಲ್ಲೇ ನಾಚಿಸಿ ನಿಲ್ಲಿಸಿತ್ತು. ಅವರು ಸಂಕೋಚಪಟ್ಟರು, ಯಂತ್ರ ಅದನ್ನು ಅನುಮಾನ ಎಂದು ಓದಿತು. ಹುಬ್ಬಳ್ಳಿಯಲ್ಲೇ ಹುಟ್ಟಿ, ಮನೆಗೆ ಬಂದವರಿಗೆಲ್ಲ ಚಹಾ ಬೇಡ ಬೇಡ ಎನ್ನಿಸಿಯೇ ಕುಡಿಸಿ ಬೆಳೆದ ತನಗೆ ಇದು ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ನಗುವೂ ಬಂತು, ಅಳುವೂ ಬಂತು.

"ಎರಡ ಸಲ ಕೇಳೂ ಪುಟ ಮಾಡ್ತೀನಿ" ಎಂದಳು.

"ಆಗೂದಿಲ್ರಿ" ಎಂದರು ಸುನಂದಾ. "ಬೇಡ ಅಂದವರನ್ನ ಮತ್ತ ಕೇಳೂದು ಅಪರಾಧ. ಅದನ್ನ ತಡೆಯಾಕನ ಈ ಕಾಯ್ದೆ ಬಂದದ್ದು."

ಚಂಬವ್ವ ಪಾತ್ರೆ ಜೋಡಿಸುತ್ತಿದ್ದಳು. ರಿಯಾಜ್ ಮೆಲ್ಲಗೆ, "ಮೇಡಮ್, ಬೇಡ ಅನ್ನೂ ಉತ್ತರಾನೂ ಗಾಜು ಓದತೈತಲ್ರಿ? ಅದರಾಗೂ ಅನುಮಾನ ಇದ್ರ?" ಎಂದು ಕೇಳಿದ.

ಸುನಂದಾ ಕನ್ನಡಕ ಹಾಕಿಕೊಂಡು ಕಾಯ್ದೆ ಪುಸ್ತಕ ತೆರೆದರು. ಹದಿನೇಳನೆಯ ಕಲಮಿನಲ್ಲಿತ್ತು: ಅನುಮಾನವಿರುವ ಉತ್ತರ ಉತ್ತರವಲ್ಲ. ಒಪ್ಪಿಗೆಗೆ ಮಾತ್ರ ಎಂದು ಅದರಲ್ಲಿ ಹೇಳಿರಲಿಲ್ಲ. ಉತ್ತರ ಎಂದಷ್ಟೇ ಇತ್ತು, ಅಂದರೆ ಅನುಮಾನದಲ್ಲಿ ಅಂದ ಬೇಡವೂ ಬೇಡವಲ್ಲ. ಪುಟಗಳಲ್ಲಿ ಯಾರೂ ಬೇಡ ಎಂಬ ಗುಂಡಿ ಇಟ್ಟಿರಲಿಲ್ಲವಾದ್ದರಿಂದ ಈ ಸಾಲಿಗೆ ಇದುವರೆಗೆ ಕೆಲಸವೇ ಬಿದ್ದಿರಲಿಲ್ಲ.

ಸಂಜೆಯೊಳಗೆ ಹೊಸ ಪುಟ ಸಿದ್ಧವಾಯಿತು. ಮೇಲಿನದೆಲ್ಲ ಹಾಗೇ. ಕೆಳಗೆ ಮಾತ್ರ ಎರಡು ಗುಂಡಿ. ಮೊದಲು, ದೊಡ್ಡದಾಗಿ, "ಬ್ಯಾಡ್ರಿ, ಇರ್ಲಿ." ಅದರ ಪಕ್ಕದಲ್ಲಿ ಚಿಕ್ಕದಾಗಿ, "ಕಳಸ್ರಿ ಹಂಗಾರ." ನಿಜವಾಗಿ ಬೇಡವಾದವರು ಮೊದಲನೆಯದನ್ನು ಒತ್ತಿದರೆ, "ಆತ್ರಿ, ಆರಾಮ ಇರ್ರಿ" ಎಂದು ಪುಟ ಮುಚ್ಚಿಕೊಳ್ಳುತ್ತಿತ್ತು, ಮತ್ತೆಂದೂ ಅವರೆದುರು ತೆರೆಯುತ್ತಿರಲಿಲ್ಲ. ಮರ್ಯಾದೆಗೆ ಬೇಡ ಎಂದವರ ಗುಂಡಿ ಬೂದಿಬಣ್ಣಕ್ಕೆ ತಿರುಗಿ ಸುಮ್ಮನಾಗುತ್ತಿತ್ತು. ಪುಟ ಅವರನ್ನು ಮತ್ತೇನೂ ಕೇಳುತ್ತಿರಲಿಲ್ಲ. ಅವರು ಎಲ್ಲಿದ್ದರೋ ಅಲ್ಲೇ, ಸಿಕ್ಕಿಬಿದ್ದವರಂತೆ ನಿಲ್ಲುತ್ತಿದ್ದರು.

ಮೊದಲ ಪರೀಕ್ಷೆಗೆ ರಿಯಾಜನದೇ ಹೆಬ್ಬೆರಳು. ಅವನು ಬ್ಯಾಡ್ರಿ ಒತ್ತಿದ. ಅನುಮಾನ ಎಪ್ಪತ್ತೆರಡು ಎಂದು ಗೋಡೆಯ ಮೇಲೆ ಬಂತು. ಸುನಂದಾ ಬಾಯಿಗೆ ಸೆರಗು ಹಿಡಿದು ನಕ್ಕರು. ಅವನೂ ನಕ್ಕು, ಕಳಸ್ರಿ ಹಂಗಾರ ಎಂಬುದನ್ನು ಒತ್ತಿದ. ಅನುಮಾನ ನಾಲ್ಕು.

ಆ ಏಳು ದಿನ ಒಪ್ಪಿಗೆ ಕೇಂದ್ರದ ಗೋಡೆಯನ್ನು ನೋಡುವುದೇ ಒಂದು ಸುಖವಾಗಿತ್ತು. ಗೆರೆಗಳು ಬಂದು, ನಾಚಿ, ಬೇಡವೆಂದು, ಸಿಕ್ಕಿಬಿದ್ದು, ಹಗುರಾಗಿ ಒಳಗೆ ನಡೆಯುತ್ತಿದ್ದವು. ಸೋಮವಾರ ನೂರಾ ಹತ್ತು. ಬುಧವಾರ ಇನ್ನೂರ ಐವತ್ತು. ಬೇಡವೆಂದು ನಿಜವಾಗಿಯೇ ಹೇಳಿದವರೂ ಸಾಕಷ್ಟಿದ್ದರು. ಅವರ ಸಂಖ್ಯೆ ಕೇಳಿ ಚಂಬವ್ವ, "ಇರ್ಲಿ, ಅವರ ಹೊಟ್ಟಿ ತುಂಬಿರಬೇಕು" ಎಂದಳಷ್ಟೇ. ಈಗ ನೀಲಗಂಗಾ ಪ್ರತಿದಿನ ಮನೆಗೆ ಬಂದು ಇದ್ದ ಅಂಕಿಯನ್ನೇ ಹೇಳುತ್ತಿದ್ದಳು. ಸುಳ್ಳಿನ ಬಗ್ಗೆ ಚಂಬವ್ವ ಒಂದೇ ಮಾತು ಆಡಿದ್ದಳು: "ಇನ್ನೊಮ್ಮೆ ನನ್ನ ಮುಂದ ಒಬ್ಬಾಕಿನ ಬಾಡಬ್ಯಾಡ."

ಶನಿವಾರ, ನಲವತ್ತನೆಯ ದಿನ, ಸಂಜೆ ಆರು ಗಂಟೆ. ಗೋಡೆಯ ಅಂಕಿ ನಾನೂರ ಎಂಬತ್ಮೂರಕ್ಕೆ ಬಂದು ನಿಂತಿತು. ಆರು ಹೊಡೆದ ಕೂಡಲೇ ಅದು ಸೊನ್ನೆಯಾಯಿತು. ಇನ್ನೊಂದು ದಿನ, ಅರ್ಧ ದಿನ ಸಿಕ್ಕಿದ್ದರೆ ಸಾಕಿತ್ತು. ಯಂತ್ರಕ್ಕೆ ಅರ್ಧ ದಿನದ ಕರುಣೆ ಕಲಿಸಿರಲಿಲ್ಲ.

ಮನೆಯಲ್ಲಿ ವಿಷಯ ಕೇಳಿ ಚಂಬವ್ವ, "ನಾನೂರ ಎಂಬತ್ಮೂರ ಮಂದೀನ ಪಂಕ್ತಿಗೆ ಕುಂದರಿಸಿ, ಊಟ ಇಲ್ಲ ಏಳ್ರಿ ಅಂದಂಗಾತಲ್ಲವಾ" ಎಂದಳು. ತನ್ನ ಪತ್ರ ನಿಂತಿತೆಂಬುದಕ್ಕಿಂತ ಬಂದವರನ್ನು ಎಬ್ಬಿಸಿ ಕಳಿಸಿದ ನಾಚಿಕೆ ಅವಳಿಗೆ ಹೆಚ್ಚಾಗಿತ್ತು. ಭಾನುವಾರ ಸಂಜೆ ಅವಳು ಪತ್ರ ಕಟ್ಟಲಿಲ್ಲ. ಫಕ್ಕೀರೇಶ ಬೇಕೆಂದೇ ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಕೆಣಕಿದ. ಅದಕ್ಕೂ ಅವಳು ಬೈಯಲಿಲ್ಲ. ಸೋಮವಾರ ಬೆಳಿಗ್ಗೆ ಕುರ್ಚಿಯನ್ನು ಕಿಟಕಿಯ ಕಡೆ ಎಳೆದುಕೊಂಡಳು. ಆ ಕುರ್ಚಿಯ ಕಾಲು ನೆಲಕ್ಕೆ ಉಜ್ಜಿದ ಸದ್ದು ಅಡಿಗೆಮನೆಯಲ್ಲಿದ್ದ ನೀಲಗಂಗಾಳಿಗೆ ಕೇಳಿತು.

ಹತ್ತು ಗಂಟೆಗೆ ಅತ್ತೆಯ ಇಮೇಲ್ ಪೆಟ್ಟಿಗೆಯನ್ನು ಮುಚ್ಚಿಬಿಡೋಣವೆಂದು ಅವಳು ತೆರೆದಳು. ಒಂದು ಪತ್ರ ಬಂದಿತ್ತು.

"ಅವ್ವಾ, ಹ್ವಾದ ಸೋಮವಾರ ನಿಮ್ಮ ಪತ್ರ ಬಂದಿತ್ತು, ಈ ಸೋಮವಾರ ಬರಲಿಲ್ಲ. ಪಟ್ಟಿ ರದ್ದಾಗೈತಿ ಅಂತ ಸರ್ಕಾರದವರು ತಿಳಿಸ್ಯಾರ. ಅವರು ಏನರ ಮಾಡಿಕೊಳ್ಳಲಿ. ನಾ ಹೀರೇಕಾಯಿ ತಂದು ಇಟಗೊಂಡು ಕುಂತೇನಿ. ಏನ ಮಾಡ್ಲಿ ಹೇಳ್ರಿ. ನಿಮ್ಮ, ಗುರುಸಿದ್ದಪ್ಪ ಅಂಗಡಿ, ನವನಗರ."

ಅವಳು ಓದಿ ಮುಗಿಸುವಷ್ಟರಲ್ಲಿ ಇನ್ನೆರಡು ಬಂದವು. ನರ್ಸೊಬ್ಬಳು, ಡ್ಯೂಟಿ ಮುಗಿಸಿ ಬಂದವಳಿಗೆ ಹತ್ತು ನಿಮಿಷದಲ್ಲಿ ಆಗುವುದೇನು ಎಂದು ಕೇಳಿದ್ದಳು. ಇನ್ನೊಬ್ಬರು ಏನೂ ಕೇಳಿರಲಿಲ್ಲ, "ಅವ್ವಾ ಆರಾಮ ಅದೀರಿಲ್ಲೊ?" ಎಂದಷ್ಟೇ ಬರೆದಿದ್ದರು. ಪುಟದ ತಳದಲ್ಲಿದ್ದ ವಿಳಾಸವನ್ನು ಇವರೆಲ್ಲ ಯಾವಾಗ ಬರೆದಿಟ್ಟುಕೊಂಡರೋ. ಹನ್ನೊಂದು ಗಂಟೆಗೆ ಅರವತ್ತೆರಡು ಪತ್ರಗಳಾದವು.

ನೀಲಗಂಗಾ ರಿಯಾಜನಿಗೆ ಫೋನ್ ಮಾಡಿದಳು. "ಮಂದಿ ತಾವಾಗೇ ಬರದಾರ. ಉತ್ತರ ಕೊಟ್ರ ಕಾಯ್ದೆ ಮುರದಂಗಾಗತೈತೇನ್ರಿ?"

ಆ ಕಡೆ ಹಾಳೆ ಮಗುಚುವ ಸದ್ದು ಕೇಳಿತು. "ಇಲ್ರಿ ಅಕ್ಕಾ. ಪತ್ರ ಬರದವರಿಗೆ ಉತ್ತರ ಬರಿಯಾಕ ಯಾರ ಒಪ್ಪಿಗೀನೂ ಬೇಕಾಗಿಲ್ಲ. ಆದ್ರ ಎಲ್ಲಾರಿಗೂ ಸೇರಿಸಿ ಒಂದ ಕಳಸಿದ್ರ ಅದು ಪಟ್ಟಿ ಆಗತೈತಿ. ಒಬ್ಬೊಬ್ಬರಿಗೆ ಬ್ಯಾರೆ ಬ್ಯಾರೆ ಬರೀಬೇಕು." ಆಮೇಲೆ ಅವನು, "ಅದರಾಗ ನಂದೂ ಒಂದೈತ್ರಿ, ಹತ್ತೂವರಿಗೆ ಕಳಸೇನಿ" ಎಂದ.

ಅವಳು ಫೋನನ್ನು ತೆಗೆದುಕೊಂಡು ಹೋಗಿ ಅತ್ತೆಯ ಮಡಿಲಲ್ಲಿಟ್ಟಳು. ಚಂಬವ್ವ ಕನ್ನಡಕ ಏರಿಸಿ ಮೊದಲನೆಯದನ್ನು ಓದಿದಳು, ಎರಡನೆಯದನ್ನು ಓದಿದಳು, ಬೆರಳಿನಿಂದ ಸರಿಸುತ್ತ ಹೋದಳು. ಪತ್ರಗಳು ಮುಗಿಯಲಿಲ್ಲ. ಎರಡು ವರ್ಷ ಅವಳು ಅವರನ್ನು ಕರೆದಿದ್ದಳು. ಅವರು ಅವಳನ್ನು ಕರೆದದ್ದು ಇದೇ ಮೊದಲು. ಸೆರಗಿನಿಂದ ಕಣ್ಣೊರೆಸಿಕೊಂಡಳು, ಒರೆಸಿಕೊಂಡದ್ದನ್ನು ಮುಚ್ಚಿಡಲೂ ಹೋಗಲಿಲ್ಲ.

"ಒಬ್ಬೊಬ್ಬರಿಗೆ ಬ್ಯಾರೆ ಬರೀಬೇಕಂತ್ರಿ ಅತ್ತಿ. ಇಷ್ಟ ಮಂದಿ ಅದಾರ" ಎಂದಳು ನೀಲಗಂಗಾ.

"ಮತ್ತ? ಎಲ್ಲಾರಿಗೂ ಒಂದ ತಾಟಿನಾಗ ಬಡಿಸ್ತಾರನು?" ಚಂಬವ್ವನ ದನಿ ಖಾನಾವಳಿಯಷ್ಟು ಎತ್ತರಕ್ಕೆ ಏರಿತು. "ಖುರ್ಚಿ ಈ ಕಡೆ ತಿರುಗಸು. ಕುಂದರು. ಬರಿ. ಗುರುಸಿದ್ದಪ್ಪಾ, ಹೀರೇಕಾಯಿ ಸಿಪ್ಪಿ ಒಗೀಬ್ಯಾಡ, ಅದರ ಚಟ್ನಿ ಹೇಳ್ತೀನಿ..." ಎಂದವಳು ಅಲ್ಲಿಗೇ ತಡೆದು ಕೈ ಎತ್ತಿದಳು. "ತಡಿ, ಅದನ್ನ ಅಳಸು. ಹೊತ್ತು ಹನ್ನೊಂದಾತು. ಮೊದಲ ಕೇಳು ಅವನ್ನ, ಮುಂಜಾನಿಂದ ಹೊಟ್ಟಿಗೆ ಏನರ ತಿಂದೀಯೇನಪಾ ಅಂತ."